ಗೆರೆ ಹೇಂಟೆಗೆ ಕಪ್ಪು ಹೆಣ್ಣುಮರಿಗಳೇ ಯಾಕೆ?

ನಮಸ್ಕಾರ. ಚಿಂತಾಮಣಿಯಲ್ಲಿ ಕಪ್ಪು-ಬಿಳಿ ಗೆರೆಯ ಹೇಂಟೆಗಳಿಗೆ ಕೆಂಪು ಹುಂಜ ಬಿಟ್ಟಿದ್ದೀರಿ. ಹುಂಜ ಮರಿಗಳಿಗೆಲ್ಲ ಗೆರೆ ಬಂದಿದೆ, ಹೆಣ್ಣುಮರಿಗಳೆಲ್ಲ ಕಪ್ಪು. ಗೆರೆಯ ಹೆಣ್ಣುಮರಿ ಬೇಕಾದರೆ ಏನು ಮಾಡಬೇಕು ಅಂತ ಕೇಳಿದ್ದೀರಿ, ಅಲ್ವಾ?

ಹೇಂಟೆ ಬದಲಿಸಬೇಡಿ, ಹುಂಜ ಬದಲಿಸಿ. ಗೆರೆಯ ಗುಣ ಇರುವುದು ಝಡ್ ಅನ್ನೋ ಕ್ರೋಮೋಸೋಮಿನಲ್ಲಿ, ಅಂದರೆ ಅಪ್ಪ-ಅಮ್ಮನ ಗುಣ ಮರಿಗೆ ದಾಟಿಸುವ ಎಳೆಯಲ್ಲಿ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಅಪ್ಪನಲ್ಲೇ ಗೆರೆ ಇಲ್ಲದಿದ್ದರೆ ಮಗಳಿಗೆ ಎಲ್ಲಿಂದ ಬರಬೇಕು?

ಹಾಗಂತ ಈ ಜೋಡಿ ದಂಡ ಅಲ್ಲ. ಮರಿ ಒಡೆದ ದಿನವೇ ನೆತ್ತಿ ನೋಡಿ. ಆಗ ಗೆರೆ ಇನ್ನೂ ಮೂಡಿರುವುದಿಲ್ಲ, ಆದರೆ ಕಪ್ಪು ಮರಿಯ ತಲೆ ಮೇಲೆ ಬಿಳಿ ಮಚ್ಚೆ ಇದ್ದರೆ ಅದು ಹುಂಜ. ಮಾರುವವರಿಗೆ ಇದು ತುಂಬಾ ಉಪಯೋಗ.

ಈಗ ಆ ಗೆರೆ ಹುಂಜಗಳಲ್ಲಿ ಗಟ್ಟಿಮುಟ್ಟಾದ ಒಂದನ್ನು ಉಳಿಸಿಕೊಂಡು ಬೇರೆ ಮನೆಯ ಗೆರೆ ಹೇಂಟೆಗಳಿಗೆ ಬಿಡಿ. ತಾಯಿಗೇ ಬಿಟ್ಟರೂ ಬಣ್ಣ ಬರುತ್ತೆ, ಆದರೆ ರಕ್ತ ಹತ್ತಿರವಾಗಿ ಮರಿಗಳು ಸೊರಗಬಹುದು. ಹೆಣ್ಣುಮರಿಗಳಲ್ಲಿ ಸುಮಾರು ಅರ್ಧಕ್ಕೆ ಗೆರೆ ಬರುತ್ತೆ. ಹುಂಜ ಮರಿಗಳೆಲ್ಲ ಗೆರೆಯವೇ. ಅವುಗಳಲ್ಲಿ ಬಿಳಿ ಪಟ್ಟಿ ಅಗಲವಾಗಿ, ಮೈ ತಿಳಿಯಾಗಿ ಕಾಣುವುದನ್ನು ಆರಿಸಿ. ಅದರ ಎರಡೂ ಝಡ್‌ನಲ್ಲಿ ಗೆರೆಯ ಗುಣ ಇರುತ್ತೆ, ಅದರ ಹೆಣ್ಣುಮರಿಗಳೆಲ್ಲ ಗೆರೆಯವೇ ಆಗುತ್ತವೆ.

ಒಂದು ಮಾತು ಮರೆಯಬೇಡಿ. ಹಳೇ ಹುಂಜ ಬೇರೆ ಮಾಡಿದ ಮೇಲೂ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ 2-3 ವಾರ ಉಳಿಯುತ್ತೆ. ಅಲ್ಲಿವರೆಗಿನ ಮೊಟ್ಟೆ ಸುಮ್ನೆ ಅಡುಗೆಗೆ ಬಳಸಿ, ಕಾವಿಗೆ ಇಡಬೇಡಿ.