ಐವತ್ತೆರಡು ಪುಸ್ತಕಗಳ ಲೆಕ್ಕ: ಓದಿನ ದಾಖಲೆಯೇ ಹೊರೆಯಾದ ಒಂದು ಪ್ರಕರಣ

ನನ್ನಲ್ಲಿಗೆ ಆಪ್ತಸಲಹೆಗೆ ಬಂದವರೊಬ್ಬರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಗುರುತು ಸಿಗದಂತೆ ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಊರನ್ನು ಹೇಳಿಲ್ಲ. ಬರಹದುದ್ದಕ್ಕೂ ಅವರ ಹೆಸರನ್ನೂ ಹೇಳಿಲ್ಲ.

ಡಿಸೆಂಬರ್ ಮೂರನೆಯ ವಾರದಲ್ಲಿ, ಪತಿಯ ಒತ್ತಾಯಕ್ಕೆ ಮಣಿದು ಅವರು ನನ್ನಲ್ಲಿಗೆ ಬಂದರು. ವಯಸ್ಸು 46, ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಾರೆ. ಎರಡು ತಿಂಗಳಿಂದ ನಿದ್ದೆ ಕಡಿಮೆಯಾಗಿದೆ, ಮಾತಿಗೆ ಮುಂಚೆ ಸಿಡುಕುತ್ತಾರೆ, ತರಗತಿಯಲ್ಲಿ ಹೇಳುತ್ತಿದ್ದ ವಿಷಯವೇ ತಪ್ಪಿಹೋಗುತ್ತದೆ ಎಂಬುದು ಮನೆಯವರು ಕೊಟ್ಟ ವಿವರ. ಹಸಿವು, ದಣಿವು, ಬೇಸರ, ಬದುಕು ಬೇಡವೆನಿಸುವ ಯೋಚನೆ ಇವುಗಳ ಬಗ್ಗೆ ಕೇಳಬೇಕಾದುದನ್ನೆಲ್ಲ ಮೊದಲು ಕೇಳಿದೆ. ಖಿನ್ನತೆಯನ್ನು ಅಂದಾಜಿಸಲು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಅವರ ಅಂಕ 7 ಬಂತು. ಅದು ಸೌಮ್ಯ ಮಟ್ಟವೇ ಆದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರ ಬಳಿಗೆ ಕಳುಹಿಸಿದೆ. ವರದಿಯಲ್ಲಿ ತೊಂದರೆಯೇನೂ ಇರಲಿಲ್ಲ.

ನಿಜವಾದ ವಿಷಯ ಹೊರಬಂದದ್ದು ಮೊದಲ ಭೇಟಿಯ ಕೊನೆಯ ಹತ್ತು ನಿಮಿಷಗಳಲ್ಲಿ. ನಿದ್ದೆ ಎಷ್ಟು ಗಂಟೆಗೆ ಬರುತ್ತದೆ ಎಂದು ಮತ್ತೊಮ್ಮೆ ಕೇಳಿದಾಗ, “ನಿದ್ದೆ ಬರುತ್ತೆ ಮೇಡಂ, ನಾನೇ ಮಲಗ್ತಿಲ್ಲ. ಇನ್ನೂ ಹದಿನಾಲ್ಕು ಪುಸ್ತಕ ಬಾಕಿ ಇದೆ” ಎಂದರು.

ಜನವರಿ ಒಂದರಂದು ಅವರು ವರ್ಷಕ್ಕೆ 52 ಪುಸ್ತಕ ಓದುವುದಾಗಿ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದರು. ಓದಿನ ಲೆಕ್ಕವಿಡುವ ಒಂದು ಆ್ಯಪ್‌ನಲ್ಲಿ ಅದೇ ಗುರಿಯನ್ನು ನಮೂದಿಸಿದ್ದರು. ನಿಗದಿತ ವೇಗಕ್ಕಿಂತ ಎಷ್ಟು ಪುಸ್ತಕ ಹಿಂದಿದ್ದೀರಿ ಎಂದು ಅದು ತೆರೆದಾಗಲೆಲ್ಲ ತೋರಿಸುತ್ತಿತ್ತು. ಇದರ ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿ: ಪುಸ್ತಕದ ಹೆಸರು, ಪುಟಗಳು, ಆರಂಭಿಸಿದ ದಿನ, ಮುಗಿಸಿದ ದಿನ, ನಕ್ಷತ್ರಗಳ ಅಂಕ, ವಿಮರ್ಶೆ ಬರೆದಾಯಿತೇ ಇಲ್ಲವೇ. ಅದರ ಪ್ರತಿಯನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ನನ್ನ ಮೇಜಿನ ಮೇಲೆ ಅದನ್ನು ಬಿಡಿಸಿ, ಜುಲೈಯಿಂದ ಈಚೆಗಿನ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋದವರು ಒಂದು ಸಾಲಿನ ಬಳಿ ನಿಂತರು.

ಆ ಪುಸ್ತಕವನ್ನು ಅವರು ಮುಗಿಸಿರಲಿಲ್ಲ. ಅರವತ್ತು ಪುಟ ಉಳಿದಿರುವಾಗಲೇ ಮುಗಿದಿದೆ ಎಂದು ಗುರುತು ಹಾಕಿ, ನಾಲ್ಕು ನಕ್ಷತ್ರ ಕೊಟ್ಟು, ಹಿಂಬದಿಯ ರಕ್ಷಾಪುಟದ ಮಾತುಗಳನ್ನೇ ತಿರುಗಿಸಿ ಒಂದು ವಿಮರ್ಶೆಯನ್ನೂ ಬರೆದಿದ್ದರು. ಗುಂಪಿನ ಗೆಳತಿಯೊಬ್ಬರು, “ಆ ಮುಕ್ತಾಯ ನಿನಗೆ ಸರಿ ಅನ್ನಿಸಿತಾ?” ಎಂದು ಕೇಳಿದಾಗ ಉತ್ತರಿಸಲಾಗದೆ ಫೋನನ್ನು ಮಗುಚಿಟ್ಟರಂತೆ. ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ತಾನೇ ನಕಲು ಮಾಡಿದೆನೆಂಬ ನಾಚಿಕೆ ಅವರನ್ನು ನಿದ್ದೆಗೇಡಿಗಿಂತ ಹೆಚ್ಚಾಗಿ ಹಿಂಡುತ್ತಿತ್ತು. ಇನ್ನೊಂದು ಅಭ್ಯಾಸವನ್ನೂ ಅವರೇ ಹೇಳಿದರು: ಈಗೀಗ ಓದುತ್ತಿರುವಾಗಲೇ ಉಳಿದ ಪುಟಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ದಪ್ಪ ನೋಡುತ್ತಾರೆ. ನನಗೆ ಈ ಪ್ರಕರಣ ಅರ್ಥವಾಗತೊಡಗಿದ್ದು ಆ ಎರಡು ಬೆರಳುಗಳಿಂದ.

ಎರಡನೆಯ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಒಂದು ತಿಂಗಳು ಆ್ಯಪ್, ಪಟ್ಟಿ, ಗುಂಪು ಎಲ್ಲವನ್ನೂ ಬದಿಗಿಟ್ಟು ಮನಸ್ಸಿಗೆ ಬಂದಂತೆ ಓದಿ ಎಂದೆ. ಹತ್ತು ದಿನಗಳ ಬಳಿಕ ಬಂದಾಗ ಅವರು ಇನ್ನಷ್ಟು ಕುಗ್ಗಿದ್ದರು. ಒಂದು ಪುಟವನ್ನೂ ಓದಿರಲಿಲ್ಲ. ಏಕೆಂದು ವಿಚಾರಿಸಿದಾಗ, ನಾನು ಮೊದಲೇ ಕೇಳಬೇಕಾಗಿದ್ದ ಕಥೆ ಹೊರಬಂತು. ಹುಡುಗಿಯಾಗಿದ್ದಾಗ ಊರಿನ ಗ್ರಂಥಾಲಯದ ಕಾದಂಬರಿಗಳನ್ನು ಒಂದೂ ಬಿಡದೆ ಓದಿದವರು, ಮದುವೆಯಾಗಿ ಮಗ ಹುಟ್ಟಿ, ಅತ್ತೆಯವರು ಹಾಸಿಗೆ ಹಿಡಿದ ಮೇಲೆ ಹನ್ನೆರಡು ವರ್ಷ ಪಠ್ಯಪುಸ್ತಕ ಬಿಟ್ಟು ಬೇರೇನನ್ನೂ ಓದಿರಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ, ಮಗ ದೊಡ್ಡವನಾದ ಮೇಲೆ ಮತ್ತೆ ಆರಂಭಿಸಿದ್ದರು. “ಈ ಪಟ್ಟಿ ನೋಡಿದ್ರೆ ಈ ವರ್ಷ ನನಗಾಗಿ ನಾನು ಇಷ್ಟು ಹೊತ್ತು ಕೂತಿದ್ದೆ ಅಂತ ಗೊತ್ತಾಗುತ್ತೆ ಮೇಡಂ. ಅದನ್ನೂ ನೀವು ಇಡಬೇಡಿ ಅಂದ್ರಿ” ಎಂದರು.

ಅಂದರೆ ದಾಖಲೆ ಅವರ ರೋಗವಾಗಿರಲಿಲ್ಲ. ಕಳೆದುಹೋಗಿದ್ದ ಹನ್ನೆರಡು ವರ್ಷಗಳನ್ನು ಅವರು ಮರಳಿ ಪಡೆಯುತ್ತಿದ್ದುದಕ್ಕೆ ಅದೊಂದೇ ಸಾಕ್ಷಿಯಾಗಿತ್ತು. ಆದರೆ ಆ ಸಾಕ್ಷಿ ಪುಸ್ತಕಗಳ ಸಂಖ್ಯೆಯನ್ನಷ್ಟೇ ಹೇಳುತ್ತಿತ್ತು; ಓದಿದ ಹೊತ್ತು ಹೇಗಿತ್ತೆಂಬುದು ಅದರಲ್ಲೆಲ್ಲೂ ಇರಲಿಲ್ಲ. ದಾಖಲೆ ಇರಲಿ, ಅದರಲ್ಲಿ ಬರೆಯುವ ವಿಷಯ ಬದಲಾಗಲಿ ಎಂಬ ನಿಲುವಿಗೆ ನಾನು ಬಂದದ್ದು ಆಗ.

ಮೂರನೆಯ ಭೇಟಿಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ವಾಣಿಜ್ಯಶಾಸ್ತ್ರದವರಿಗೆ ಲೆಕ್ಕದ ಭಾಷೆಯೇ ಹತ್ತಿರ. ಪುಸ್ತಕವೊಂದಕ್ಕೆ ಸರಾಸರಿ 250 ಪುಟವೆಂದರೂ 52 ಪುಸ್ತಕಗಳಿಗೆ 13,000 ಪುಟ. ದಿನಕ್ಕೆ ಸುಮಾರು 36. ಅವರೇ ಗಡಿಯಾರ ನೋಡಿ ಅಳೆದಂತೆ ಅವರ ಓದಿನ ವೇಗ ಗಂಟೆಗೆ 25 ಪುಟ. ಅಂದರೆ ವರ್ಷದ ಪ್ರತಿ ದಿನವೂ, ಹಬ್ಬ, ಮೌಲ್ಯಮಾಪನ, ಜ್ವರ ಯಾವುದನ್ನೂ ಬಿಡದೆ, ಹೆಚ್ಚುಕಡಿಮೆ ಒಂದೂವರೆ ಗಂಟೆ ಬೇಕು. ಕೆಲಸದ ದಿನಗಳಲ್ಲಿ ಅವರಿಗೆ ನಿಜಕ್ಕೂ ಸಿಗುತ್ತಿದ್ದುದು ನಲವತ್ತು ನಿಮಿಷ. ಉಳಿದದ್ದನ್ನು ನಿದ್ದೆಯಿಂದ ಕಡ ತಂದಿದ್ದರು. ಜೊತೆಗೆ ಆಗಸ್ಟ್‌ನಿಂದ ಈಚೆಗೆ ನೂರೈವತ್ತು ಪುಟ ದಾಟದ ಪುಸ್ತಕಗಳನ್ನೇ ಆರಿಸಿಕೊಂಡಿದ್ದರು. ಬಹುದಿನಗಳಿಂದ ಓದಬೇಕೆಂದಿದ್ದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು, ಅಷ್ಟು ಪುಟಗಳಿಗೆ ಒಂದೇ ಅಂಕ ಸಿಗುತ್ತದೆಂಬ ಕಾರಣಕ್ಕೆ ಕಪಾಟಿನಲ್ಲೇ ಬಿಟ್ಟಿದ್ದರು.

ಇದು ಅವರೊಬ್ಬರ ದೌರ್ಬಲ್ಯವಲ್ಲ ಎಂದು ತಿಳಿಸುವುದು ಅಗತ್ಯವಾಗಿತ್ತು. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಶಿಶುವಿಹಾರವೊಂದರಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವು ದಿನಗಳ ಬಳಿಕ ಬಿಡುವಿನ ಹೊತ್ತಿನಲ್ಲಿ ಗಮನಿಸಿದರೆ, ಆ ಮಕ್ಕಳು ಚಿತ್ರ ಬಿಡಿಸಲು ಕಳೆಯುತ್ತಿದ್ದ ಸಮಯ ಉಳಿದ ಮಕ್ಕಳದ್ದಕ್ಕಿಂತ ಬಹಳ ಕಡಿಮೆಯಾಗಿತ್ತು. 2016ರಲ್ಲಿ ಜೋರ್ಡನ್ ಎಟ್ಕಿನ್ ಎಂಬ ಸಂಶೋಧಕಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಹುಮಾನವೂ ಇರಲಿಲ್ಲ, ಎಣಿಕೆಯಷ್ಟೇ ಇತ್ತು. ತಾವು ಮಾಡುತ್ತಿದ್ದ ಚಟುವಟಿಕೆಯನ್ನು ಎಣಿಸಿದವರು ಅದನ್ನು ಹೆಚ್ಚು ಮಾಡಿದರು, ಆದರೆ ಅದರಲ್ಲಿ ಕಡಿಮೆ ಸುಖಪಟ್ಟರು. ಇದನ್ನು ಕೇಳಿ ಅವರು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಬುದ್ಧಿ ಕೆಟ್ಟಿಲ್ಲ” ಎಂದರು.

ನಾನು ಕೊಟ್ಟ ಸಲಹೆ ಇಷ್ಟು. ವರ್ಷಾಂತ್ಯದ ಗುರಿಯನ್ನು 38ರಲ್ಲೇ ನಿಲ್ಲಿಸಬೇಕು. ಸುಳ್ಳಾಗಿ ಗುರುತಿಸಿದ ಒಂದನ್ನು ಕಳೆದು 37 ಎಂದು ತಿದ್ದಬೇಕು. ಗುಂಪಿಗೆ ವಿವರಣೆ ಕೊಡುವುದು ಅವರ ಇಷ್ಟ. ತಪ್ಪೊಪ್ಪಿಗೆಯನ್ನು ನಾನು ಕಡ್ಡಾಯ ಮಾಡಲಿಲ್ಲ. ಮುಂದಿನ ದಾಖಲೆಯನ್ನು ಕೈಬರಹದ ನೋಟ್‌ಬುಕ್ಕಿನಲ್ಲಿ, ಯಾರಿಗೂ ತೋರಿಸದಂತೆ ಇಡಬೇಕು. ಅದರಲ್ಲಿ ಆರಂಭಿಸಿದ ದಿನ ಮತ್ತು ನಿಲ್ಲಿಸಿದ ದಿನ ಇರಲಿ. ಪುಸ್ತಕ ಮುಗಿಯದೆ ನಿಂತರೆ ಎಲ್ಲಿ ನಿಂತೆ, ಏಕೆ ನಿಂತೆ ಎಂದು ಒಂದು ಸಾಲು ಬರೆಯಬೇಕು. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಮರು ಓದಿಗೂ ಮುಗಿಸಿದ ಪುಸ್ತಕದಷ್ಟೇ ಜಾಗ.

ವಿಮರ್ಶೆಯ ಬಗ್ಗೆ ನಾನು ಹೆಚ್ಚು ಹೊತ್ತು ಮಾತನಾಡಿದೆ, ಏಕೆಂದರೆ ಅವರ ಓದು ಕೆಟ್ಟಿದ್ದು ಅಲ್ಲೇ ಎಂದು ನನಗೆ ಅನ್ನಿಸಿತ್ತು. ಪುಸ್ತಕ ಮುಚ್ಚಿದ ರಾತ್ರಿಯೇ ವಿಮರ್ಶೆ ಬರೆದು ಮುಂದಿನದಕ್ಕೆ ಓಡುತ್ತಿದ್ದರು. ತಿಂಗಳು ಕಳೆದರೆ ಪಾತ್ರಗಳ ಹೆಸರೂ ನೆನಪಿರುತ್ತಿರಲಿಲ್ಲ. ಇನ್ನು ಮುಂದೆ ಮುಗಿಸಿದ ಒಂದು ವಾರದ ಬಳಿಕ, ಪುಸ್ತಕವನ್ನು ತೆರೆಯದೆ, ನೆನಪಿನಿಂದ ಮಾತ್ರ ಬರೆಯಿರಿ ಎಂದೆ. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಅಧ್ಯಯನದಲ್ಲಿ, ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಮುಚ್ಚಿಟ್ಟು ನೆನಪಿಸಿಕೊಂಡು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ಉಳಿದಿತ್ತು. ನಕ್ಷತ್ರ ಬೇಡ. ಯಾವ ದೃಶ್ಯ ಉಳಿಯಿತು, ಎಲ್ಲಿ ಒಪ್ಪಿಗೆಯಾಗಲಿಲ್ಲ, ಓದುವಾಗ ಯಾರ ನೆನಪು ಬಂತು, ಇವಿಷ್ಟು ಸಾಕು. ಏನೂ ನೆನಪಾಗದಿದ್ದರೆ ಹಾಗೆಂದೇ ಬರೆಯಬೇಕು. ಓದಿನ ವರ್ಷ ಎಲ್ಲಿಂದ ಎಲ್ಲಿಗೆ ಎಂಬುದನ್ನು ಅವರೇ ಆರಿಸಿಕೊಂಡರು: ಯುಗಾದಿಯಿಂದ ಯುಗಾದಿಗೆ. ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು ಎಂಬುದೊಂದನ್ನು ಮಾತ್ರ ನಾನು ಬಿಗಿಯಾಗಿ ಹೇಳಿದೆ.

ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ದೆ ಆರೂವರೆ ಗಂಟೆಗೆ ಏರಿತ್ತು. ಆ ಗೆಳತಿಗೆ ನಿಜ ಹೇಳಿದ್ದರು. ಉಳಿದ ಅರವತ್ತು ಪುಟಗಳನ್ನೂ ಓದಿದ್ದರು. ಮುಕ್ತಾಯ ಅವರಿಗೆ ಸರಿ ಅನ್ನಿಸಲಿಲ್ಲವಂತೆ, ಆ ಬಗ್ಗೆ ಇಬ್ಬರೂ ಫೋನಿನಲ್ಲಿ ಮುಕ್ಕಾಲು ಗಂಟೆ ವಾದಿಸಿದರಂತೆ.

ಐದನೆಯ ಮತ್ತು ಕೊನೆಯ ಭೇಟಿ ಯುಗಾದಿ ಕಳೆದ ಮೇಲೆ ನಡೆಯಿತು. ಪಿಎಚ್‌ಕ್ಯೂ-9 ಅಂಕ 3ಕ್ಕೆ ಇಳಿದಿತ್ತು. ನೋಟ್‌ಬುಕ್ಕನ್ನು ಯಾರಿಗೂ ತೋರಿಸಬಾರದೆಂದು ನಾನೇ ಹೇಳಿದ್ದರೂ ಅದನ್ನು ತಂದು, ಒಂದು ಪುಟವನ್ನಷ್ಟೇ ತೆರೆದು ನನ್ನ ಕಡೆ ತಿರುಗಿಸಿದರು. ಮೇಲೆ ‘ಮಲೆಗಳಲ್ಲಿ ಮದುಮಗಳು’ ಎಂದಿತ್ತು, ಆರಂಭಿಸಿದ ದಿನವಿತ್ತು, ನಿಲ್ಲಿಸಿದ ದಿನದ ಜಾಗ ಖಾಲಿಯಿತ್ತು. ಅದರ ಕೆಳಗೆ ಹಿಂದಿನ ರಾತ್ರಿಯ ಬರಹ: “ಎಂಟು ಪುಟ. ಗುತ್ತಿಯ ಜೊತೆ, ಅವನ ನಾಯಿ ಹುಲಿಯನ ಹಿಂದೆ ನಡೆದೆ. ಹತ್ತೂವರೆ ಆಯಿತು.”