ಸಲಹೆಯನ್ನೇ ಕೊಡದ ಕೌನ್ಸೆಲರ್

ಪ್ರಶ್ನೆ: ಕೆಲವು ವಾರಗಳಿಂದ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಅವರು ಸಲಹೆಯನ್ನೇ ಕೊಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತಾರೆ. ಇದಕ್ಕೆ ಫೀಸು ಬೇರೆ! ಇದೂ ಒಂದು ಚಿಕಿತ್ಸೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಫೀಸಿನ ಸಿಟ್ಟು ಅರ್ಥವಾಗುತ್ತದೆ ಬಿಡಿ. ಆದರೆ ಕೇಳಿಸಿಕೊಳ್ಳುವುದೂ ಕಸುಬೇ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇದನ್ನು ಕಲಿತದ್ದು ರಾಚೆಸ್ಟರ್‌ನಲ್ಲಿ, ಮಕ್ಕಳ ಜೊತೆ ಕೆಲಸ ಮಾಡುವಾಗ. ಒಬ್ಬ ಪುಂಡ ಹುಡುಗನ ತಾಯಿಗೆ, ನೀವು ಅವನನ್ನು ದೂರ ಮಾಡಿದ್ದೇ ಕಾರಣ ಎಂದು ತಿಳಿಹೇಳಲು ನೋಡಿದರು. ಆಗಲಿಲ್ಲ. ನಿಲ್ಲಿಸೋಣ ಎಂದರು. ಆಕೆ ಒಪ್ಪಿದರು. ಬಾಗಿಲ ತನಕ ಹೋಗಿ ತಿರುಗಿ, "ಇಲ್ಲಿ ದೊಡ್ಡವರಿಗೂ ಕೌನ್ಸೆಲಿಂಗ್ ಕೊಡ್ತೀರಾ?" ಎಂದು ಕೇಳಿದರು. ಮತ್ತೆ ಕೂತು ದಾಂಪತ್ಯದ ಕಷ್ಟವನ್ನೆಲ್ಲ ಹೇಳಿಕೊಂಡರು. ನೋವು ಎಲ್ಲಿದೆ ಅಂತ ಬಂದವರಿಗೇ ಗೊತ್ತಿರುತ್ತದೆ, ಅಲ್ವಾ?

ಚಿಕಿತ್ಸಕರು ನಾಟಕವಾಡಬಾರದು, ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಎದುರಿನವರ ಕಣ್ಣಿಂದ ನೋಡಬೇಕು ಎಂದು 1957ರಲ್ಲಿ ರೋಜರ್ಸ್ ಬರೆದರು. ಇಂಥ ಸಂಬಂಧವೊಂದಿದ್ದರೆ ಸಾಕು ಎಂದೂ ವಾದಿಸಿದರು. ನನಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತದೆ. ಗೀಳು ಕಾಯಿಲೆಯಂಥ ತೊಂದರೆಗೆ ಬೇರೆ ತಂತ್ರಗಳೂ ಬೇಕು.

ನಿಮ್ಮ ಅಸಮಾಧಾನವನ್ನು ಮುಂದಿನ ಸಲ ಅವರೆದುರೇ ಹೇಳಿ. ಅವರು ಮುನಿಸಿಕೊಂಡರೆ ಬೇರೆಯವರನ್ನು ಹುಡುಕಿ. ಕುತೂಹಲದಿಂದ ಇನ್ನಷ್ಟು ಕೇಳಿದರೆ ಮುಂದುವರಿಸಿ.