ಜಿಪ್ ಇದೆ, ಆಟ ತೆರೆಯುತ್ತಿಲ್ಲ: ರಾಸ್‌ಬೆರಿ ಪೈ ಮೇಲಿನ ಆರ್ಕೇಡ್ ತೊಂದರೆಗಳಿಗೆ ಉತ್ತರ

ರಾಸ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರ್ ಮೇಲೆ ಹಳೆಯ ಆರ್ಕೇಡ್ ಆಟ ಓಡಿಸುವವರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅತಿ ಹೆಚ್ಚು ಜನ ಮುಗ್ಗರಿಸುವುದು ಅಲ್ಲೇ.

ಪ್ರಶ್ನೆ: ಪೈ 4ಕ್ಕೆ ಹಳೆಯ ಆಟ ಓಡಿಸುವ ರೆಟ್ರೋಪೈ ತಂತ್ರಾಂಶ ಹಾಕಿದ್ದೇನೆ. ಆರ್ಕೇಡ್ ಫೋಲ್ಡರ್‌ನ ಜಿಪ್‌ಗಳಲ್ಲಿ ಅರ್ಧದಷ್ಟು ಚೆನ್ನಾಗಿ ಓಡುತ್ತವೆ. ಉಳಿದವನ್ನು ಆರಿಸಿದರೆ ಪರದೆ ಕಪ್ಪಾಗಿ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಪಟ್ಟಿಗೇ ಬಂದು ನಿಲ್ಲುತ್ತದೆ. ಪ್ಯಾಕ್‌ಮ್ಯಾನ್‌ನಂಥ ಚಿಕ್ಕ ಆಟವೂ ತೆರೆಯುತ್ತಿಲ್ಲ. ಮೆಮೊರಿ ಕಾರ್ಡ್ ಕೆಟ್ಟಿದೆಯೇ?

ಅರ್ಧ ಆಟ ಓಡಿ ಅರ್ಧ ಓಡದಿದ್ದರೆ ಕಾರ್ಡಿನ ಮೇಲೆ ಅನುಮಾನ ಬೇಡ. ರೋಮ್ ಸೆಟ್‌ನ (ಆಟದ ಜಿಪ್‌ಗಳ ಸಂಗ್ರಹದ) ಆವೃತ್ತಿಗೂ ಎಮ್ಯುಲೇಟರ್‌ನ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದ) ಆವೃತ್ತಿಗೂ ತಾಳೆಯಾಗುತ್ತಿಲ್ಲ ಎಂದೇ ಹಿಡಿದು ಹುಡುಕಲು ಶುರುಮಾಡಿ.

ಆರ್ಕೇಡ್ ಜಿಪ್ ಎಂದರೆ ಒಂದು ಆಟದ ಬೋರ್ಡಿನ ಮೇಲಿದ್ದ ಬೇರೆ ಬೇರೆ ಚಿಪ್‌ಗಳ ಪ್ರತಿಗಳ ಕಟ್ಟು. ಯಾವ ಚಿಪ್ ಯಾವುದು, ಅದರ ಗಾತ್ರ ಎಷ್ಟು, ಒಳಗಿನ ಮಾಹಿತಿ ಸರಿಯೇ ಎಂದು ತಾಳೆ ನೋಡುವ ಸಿಆರ್‌ಸಿ ಸಂಖ್ಯೆ ಏನು ಎಂಬ ಪಟ್ಟಿ ಎಮ್ಯುಲೇಟರ್ ಒಳಗೇ ಇರುತ್ತದೆ. ಆರ್ಕೇಡ್ ಎಮ್ಯುಲೇಟರ್‌ಗಳಲ್ಲಿ ಹೆಸರಾದ ಮೇಮ್ 1997ರಲ್ಲಿ ಹೊರಬಂದಾಗಿನಿಂದ ಈ ಪಟ್ಟಿ ತಿದ್ದುಪಡಿಯಾಗುತ್ತಲೇ ಇದೆ. ಮೊದಲು ಓದಲಾಗದಿದ್ದ ಚಿಪ್ ಆಮೇಲೆ ಓದಲು ಸಿಗುತ್ತದೆ, ತಪ್ಪಾಗಿ ಓದಿದ್ದು ಸರಿಯಾಗುತ್ತದೆ, ಆಟದ ಹೆಸರೇ ಬದಲಾಗುವುದೂ ಉಂಟು. ಆದರೆ ಪೈಗೆ ಹಗುರವಾಗಲೆಂದು ನಾವು ಬಳಸುವ ಕೋರ್‌ಗಳಲ್ಲಿ (ರೆಟ್ರೋಪೈ ಒಳಗಿನ ಎಮ್ಯುಲೇಟರ್‌ಗಳಲ್ಲಿ) ಹಲವು ಒಂದೊಂದು ಹಳೆಯ ಮೇಮ್‌ನಲ್ಲೇ ನಿಂತಿವೆ. ಮೇಮ್4ಆಲ್ ಮತ್ತು ಮೇಮ್ 2000 ಬೇಡುವುದು 0.37ಬಿ5 ಸೆಟ್, ಮೇಮ್ 2003 ಬೇಡುವುದು 0.78, ಮೇಮ್ 2010 ಬೇಡುವುದು 0.139. ಎಫ್‌ಬಿನಿಯೋ ಎಂಬ ಇನ್ನೊಂದು ಕೋರ್ ಮಾತ್ರ ಹೊಸ ಪಟ್ಟಿಯ ಜೊತೆಜೊತೆಗೇ ನಡೆಯುತ್ತದೆ.

ಆವೃತ್ತಿ ಬದಲಾದರೆ ಒಳಗೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡಿನ ಆಟಗಳನ್ನು ನೋಡಿ. ಆ ಬೋರ್ಡಿನ ಪ್ರೋಗ್ರಾಂ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಸೂತ್ರ ಗೊತ್ತಿಲ್ಲದ ಕಾಲದ 0.78 ಸೆಟ್‌ನಲ್ಲಿ, ಪ್ರತಿ ಆಟದ ಜಿಪ್ಪಿನೊಳಗೂ ಲಿಪಿ ಬಿಡಿಸಲು ದೊಡ್ಡ ಎಕ್ಸ್‌ಓಆರ್ ಕೋಷ್ಟಕಗಳಿದ್ದವು. 2007ರಲ್ಲಿ ಸೂತ್ರವೇ ಸಿಕ್ಕಿತು, ಕೋಷ್ಟಕಗಳು ಬೇಡವಾದವು. ಈಗಿನ ಸೆಟ್‌ನಲ್ಲಿ ಆ ಜಾಗಕ್ಕೆ 20 ಬೈಟ್‌ನ ಒಂದು ಕೀ ಫೈಲ್ ಬಂದಿದೆ. ಹಾಗಾಗಿ ಇವತ್ತಿನ ಜಿಪ್ಪನ್ನು ಮೇಮ್ 2003ಕ್ಕೆ ಕೊಟ್ಟರೆ ಅದು ಕೋಷ್ಟಕ ಎಲ್ಲಿ ಎನ್ನುತ್ತದೆ, ಹಳೆಯ ಜಿಪ್ಪನ್ನು ಹೊಸ ಎಮ್ಯುಲೇಟರ್‌ಗೆ ಕೊಟ್ಟರೆ ಅದು ಕೀ ಎಲ್ಲಿ ಎನ್ನುತ್ತದೆ. ಜಿಪ್ಪಿನ ಹೆಸರು ಎರಡರಲ್ಲೂ ಒಂದೇ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಿಮ್ಮ ಪ್ಯಾಕ್‌ಮ್ಯಾನ್ ಕಥೆ ಬೇರೆ. ಮೇಮ್‌ನ ಲೆಕ್ಕದಲ್ಲಿ ಜಪಾನಿನ ಪಕ್‌ಮ್ಯಾನ್ ಮೂಲ ಆಟ, ಪ್ಯಾಕ್‌ಮ್ಯಾನ್ ಅದರ ತದ್ರೂಪು. ಸ್ಪ್ಲಿಟ್ ಮಾದರಿಯ ಸೆಟ್ ಆದರೆ ತದ್ರೂಪಿನ ಜಿಪ್‌ನಲ್ಲಿ ಮೂಲಕ್ಕಿಂತ ಬೇರೆಯಾದ ಫೈಲ್‌ಗಳಷ್ಟೇ ಇರುತ್ತವೆ. ಬಣ್ಣದ ಪ್ರೋಮ್ ಮತ್ತು ಧ್ವನಿಯ ಪ್ರೋಮ್‌ಗಳು (ಒಮ್ಮೆ ಮಾತ್ರ ಬರೆಯಬಲ್ಲ ಚಿಕ್ಕ ಚಿಪ್‌ಗಳು) ಎರಡಕ್ಕೂ ಸಮಾನ, ಹಾಗಾಗಿ ಅವು ಪಕ್‌ಮ್ಯಾನ್ ಜಿಪ್‌ನಲ್ಲೇ ಉಳಿಯುತ್ತವೆ. ಅವುಗಳಲ್ಲೊಂದಾದ 82ಎಸ್123.7ಎಫ್ ಎಂಬ ಬಣ್ಣದ ಪ್ರೋಮ್ ಬರೀ 32 ಬೈಟ್‌ನದು. ಆ 32 ಬೈಟ್ ಸಿಗದಿದ್ದರೂ ಆಟ ಶುರುವಾಗುವುದಿಲ್ಲ. ಪಕ್‌ಮ್ಯಾನ್ ಜಿಪ್ಪನ್ನೂ ಅದೇ ಫೋಲ್ಡರ್‌ಗೆ ಹಾಕಿ, ಪ್ಯಾಕ್‌ಮ್ಯಾನ್ ತೆರೆಯುತ್ತದೆ. ಹೀಗೆ ಮೂಲದ ಮೇಲೆ ಅವಲಂಬನೆ ಬೇಡ ಎನ್ನುವವರು ನಾನ್-ಮರ್ಜ್ಡ್ ಮಾದರಿಯ ಸೆಟ್ ಇಟ್ಟುಕೊಳ್ಳುವುದು ಒಳ್ಳೆಯದು. ಜಾಗ ಹೆಚ್ಚು ತಿನ್ನುತ್ತದೆ, ಆದರೆ ಪ್ರತಿ ಜಿಪ್ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ನಿಯೋ ಜಿಯೋ ಆಟಗಳಿಗೆ ನಿಯೋಜಿಯೋ ಎಂಬ ಬಯೋಸ್ ಜಿಪ್ (ಬೋರ್ಡ್ ಶುರುವಾಗಲು ಬೇಕಾದ ಮೂಲ ಪ್ರೋಗ್ರಾಂ) ಕೂಡ ಆಟದ ಪಕ್ಕದಲ್ಲೇ ಇರಬೇಕು. ಅದೂ ಅದೇ ಆವೃತ್ತಿಯದಾಗಿರಬೇಕು.

ಊಹೆ ಬಿಟ್ಟು ಕಣ್ಣಾರೆ ನೋಡುವ ದಾರಿ ಇದು. ಆಟ ಆರಿಸಿದ ತಕ್ಷಣ ಬರುವ ಚಿಕ್ಕ ಪೆಟ್ಟಿಗೆ ಕಾಣುತ್ತಿರುವಾಗಲೇ ಯಾವುದಾದರೂ ಬಟನ್ ಒತ್ತಿ. ರನ್‌ಕಮಾಂಡ್ ಮೆನು ತೆರೆಯುತ್ತದೆ. ಅಲ್ಲಿ ವರ್ಬೋಸ್ ಲಾಗಿಂಗ್ (ಪ್ರತಿ ಹೆಜ್ಜೆಯ ವಿವರದ ದಾಖಲೆ) ಜೊತೆ ಆಟ ಶುರುಮಾಡುವ ಆಯ್ಕೆ ಕೊಡಿ. ಆಟ ಸೋತು ಪಟ್ಟಿಗೆ ಮರಳಿದ ಮೇಲೆ ಡೆವ್ ಡೈರೆಕ್ಟರಿಯ ಎಸ್‌ಎಚ್‌ಎಂ ಒಳಗಿರುವ ರನ್‌ಕಮಾಂಡ್ ಲಾಗ್ ಫೈಲ್ ತೆರೆದು ಓದಿ. ಸಿಗದ ಚಿಪ್‌ಗಳ ಹೆಸರು ಸಾಲುಸಾಲಾಗಿ ಅಲ್ಲೇ ಇರುತ್ತವೆ. ಈ ಫೈಲ್ ಇರುವುದು ಕಾರ್ಡಿನಲ್ಲಲ್ಲ, ಮೆಮೊರಿಯಲ್ಲಿ. ಇನ್ನೊಂದು ಆಟ ತೆರೆದರೆ ಅದರ ಮೇಲೆ ಹೊಸದು ಬರೆಯಲ್ಪಡುತ್ತದೆ, ಪೈ ಮರುಶುರು ಮಾಡಿದರೆ ಅಳಿದೇ ಹೋಗುತ್ತದೆ. ಮೊದಲು ಓದಿ, ಆಮೇಲೆ ಮುಂದಿನ ಕೆಲಸ.

ಒಂದೆರಡು ಫೈಲ್ ಮಾತ್ರ ಇಲ್ಲ ಎಂದಿದ್ದರೆ ಮೂಲ ಆಟದ ಜಿಪ್ಪೋ ಬಯೋಸೋ ಕಾಣೆಯಾಗಿದೆ. ಹಲವು ಫೈಲ್‌ಗಳ ಸಿಆರ್‌ಸಿ ತಪ್ಪು ಎಂದಿದ್ದರೆ ಆವೃತ್ತಿಯೇ ಬೇರೆ. ಆಗ ಅದೇ ರನ್‌ಕಮಾಂಡ್ ಮೆನುವಿನಲ್ಲಿ ಆ ಒಂದು ಆಟಕ್ಕೆ ಮಾತ್ರ ಬೇರೆ ಎಮ್ಯುಲೇಟರ್ ಗೊತ್ತುಮಾಡಬಹುದು. ಇಡೀ ಸಂಗ್ರಹ ತಾಳೆ ನೋಡಬೇಕಾದರೆ ನೀವು ಬಳಸುವ ಕೋರ್‌ನ ಡ್ಯಾಟ್ ಫೈಲನ್ನು (ಅದು ಬೇಡುವ ಚಿಪ್‌ಗಳ ಪಟ್ಟಿಯನ್ನು) ಸಿಎಲ್‌ಆರ್‌ಮೇಮ್‌ಪ್ರೊ ಅಥವಾ ರೋಮ್‌ವಾಲ್ಟ್ ಎಂಬ ತಪಾಸಣೆಯ ತಂತ್ರಾಂಶಕ್ಕೆ ಕೊಟ್ಟು ದೊಡ್ಡ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿ. ಜಿಪ್ಪಿನ ಹೆಸರು ಚೆಂದ ಮಾಡಲು ಹೋಗಬೇಡಿ, ಎಮ್ಯುಲೇಟರ್ ಆಟವನ್ನು ಗುರುತಿಸುವುದೇ ಆ ಹೆಸರಿನಿಂದ. ಬಿಚ್ಚಿಯೂ ಇಡಬೇಡಿ.

ಪ್ರಶ್ನೆ: ದೋಷ ನನ್ನ ಯಂತ್ರದ್ದೋ ಜಿಪ್‌ನದೋ ಎಂದು ಖಚಿತಪಡಿಸಿಕೊಳ್ಳಲು, ಹಕ್ಕುಸ್ವಾಮ್ಯದ ತಕರಾರಿಲ್ಲದ ಆಟ ಯಾವುದಾದರೂ ಇದೆಯೇ?

ಇದೆ. ಗ್ರಿಡ್ಲಿ, ರಾಬಿ ರೋಟೊ, ಸ್ಟಾರ್ ಫೈರ್ ಸೇರಿದಂತೆ ಕೆಲವು ಆಟಗಳನ್ನು ಹಕ್ಕುದಾರರು ವಾಣಿಜ್ಯೇತರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಮೇಮ್ ಯೋಜನೆಯ ಸ್ವಂತ ತಾಣದಲ್ಲೇ ಅವು ಸಿಗುತ್ತವೆ. ಗ್ರಿಡ್ಲಿ ಓಡಿತೆಂದರೆ ಕೋರ್, ಪರದೆ, ಜಾಯ್‌ಸ್ಟಿಕ್ ಮೂರೂ ನೆಟ್ಟಗಿವೆ, ಮುಂದೆ ಜಿಪ್ ಕಡೆ ನೋಡಿ.

ಪ್ರಶ್ನೆ: ಆಟ ಹತ್ತು ನಿಮಿಷ ಸರಿಯಾಗಿ ಓಡುತ್ತದೆ. ಆಮೇಲೆ ಧ್ವನಿ ಒಡೆದು ಆಟ ಎಳೆದಾಡಲು ಶುರುವಾಗುತ್ತದೆ. ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತದೆ. ಓವರ್‌ಕ್ಲಾಕ್ ಮಾಡಿ ಪ್ರೊಸೆಸರ್ ವೇಗ ಏರಿಸಲೇ?

ದಯವಿಟ್ಟು ಈಗ ಮಾಡಬೇಡಿ. ಆ ಮಿಂಚು ಹೇಳುತ್ತಿರುವುದು ವಿದ್ಯುತ್ ಸಾಲುತ್ತಿಲ್ಲ ಎಂದು. ಪೈಗೆ ಬರುವ ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಅದು ಕಾಣುತ್ತದೆ, ಜೊತೆಗೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಓವರ್‌ಕ್ಲಾಕ್ ಮಾಡಿದರೆ ಇನ್ನಷ್ಟು ವಿದ್ಯುತ್ ಬೇಡಿ ಇನ್ನಷ್ಟು ಕುಸಿಯುತ್ತದೆ.

ಟರ್ಮಿನಲ್‌ನಲ್ಲಿ ವಿಸಿಜೆನ್‌ಸಿಎಂಡಿ ಆದೇಶಕ್ಕೆ ಗೆಟ್-ಥ್ರಾಟಲ್ಡ್ ಸೇರಿಸಿ ಕೇಳಿ. ಎರಡು ಪದಗಳ ನಡುವೆ ಅಡ್ಡಗೆರೆಯ ಬದಲು ಅಂಡರ್‌ಸ್ಕೋರ್ ಬರಬೇಕು. ಎಕ್ಸ್ ಅಕ್ಷರದ ನಂತರ ಬರೀ 0 ಬಂದರೆ ಪೈ ಶುರುವಾದಾಗಿನಿಂದ ಏನೂ ಆಗಿಲ್ಲ. 50000 ಬಂದರೆ ಹಿಂದೆ ಯಾವಾಗಲೋ ವೋಲ್ಟೇಜ್ ಕುಸಿದು ವೇಗ ತಗ್ಗಿತ್ತು. 50005 ಬಂದರೆ ಈ ಕ್ಷಣದಲ್ಲೂ ಅದೇ ಸ್ಥಿತಿ. ಆಟ ಎಳೆದಾಡುವ ಹೊತ್ತಿನಲ್ಲೇ ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಿಂದ ಪೈಯ ಟರ್ಮಿನಲ್ ತೆರೆಯುವ ವಿಧಾನ) ಮೂಲಕ ಇದನ್ನು ಕೇಳಿದರೆ ಉತ್ತರ ನಿಖರ.

ಪೈ 3ಕ್ಕೆ 5.1 ವೋಲ್ಟ್ 2.5 ಆಂಪಿಯರ್, ಪೈ 4ಕ್ಕೆ 5.1 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5.1 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಬೇಕು. ಫೋನ್ ಚಾರ್ಜರ್ ಮೇಲೆ 3 ಆಂಪಿಯರ್ ಎಂದು ಬರೆದಿದ್ದರೂ ತೆಳುವಾದ ಉದ್ದನೆಯ ಕೇಬಲ್ ದಾರಿಯಲ್ಲೇ ಅರ್ಧ ವೋಲ್ಟ್ ತಿಂದುಬಿಡಬಹುದು. ಅಡಾಪ್ಟರ್ ಬದಲಿಸುವ ಮೊದಲು ಗಿಡ್ಡ, ದಪ್ಪ ಕೇಬಲ್ ಹಾಕಿ ನೋಡಿ. ಬಟನ್ ದೀಪಗಳು, ಹಾರ್ಡ್ ಡಿಸ್ಕ್, ಫ್ಯಾನ್ ಎಲ್ಲ ಪೈಯಿಂದಲೇ ವಿದ್ಯುತ್ ಎಳೆಯುತ್ತಿದ್ದರೆ ಅವಕ್ಕೆ ಬೇರೆ ಸರಬರಾಜು ಕೊಡಿ.

ಮಿಂಚಿನ ಬದಲು ಥರ್ಮಾಮೀಟರ್ ಗುರುತು ಕಂಡರೆ ಅದು ಬಿಸಿಯ ತೊಂದರೆ. 80 ಡಿಗ್ರಿ ಸೆಲ್ಸಿಯಸ್‌ಗೆ ವೇಗ ತಗ್ಗಲು ಶುರು, 85ಕ್ಕೆ ಇನ್ನೂ ಬಿಗಿ. ಪೈ 3ಬಿ+ ಮಾದರಿಯಂತೂ 60 ಡಿಗ್ರಿಗೇ 1.4ರಿಂದ 1.2 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಮುಚ್ಚಿದ ಮರದ ಕ್ಯಾಬಿನೆಟ್ ಒಳಗೆ ಹೀಟ್‌ಸಿಂಕ್ ಒಂದೇ ಸಾಲದು, ಗಾಳಿ ಒಳಬರಲು ಕೆಳಗೆ, ಹೊರಹೋಗಲು ಮೇಲೆ ಕಿಂಡಿ ಬೇಕು.

ಪ್ರಶ್ನೆ: ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಹಿನ್ನೆಲೆ ಸರಿಯುವಾಗ ಸಣ್ಣಗೆ ಜರ್ಕ್ ಹೊಡೆಯುತ್ತದೆ. ವಿದ್ಯುತ್, ಬಿಸಿ ಎರಡೂ ಸರಿಯಿವೆ. ಬೇರೆ ಆಟಗಳು ನುಣುಪಾಗಿವೆ.

ನಿಮ್ಮ ಕಣ್ಣು ಸರಿಯಾಗಿಯೇ ಹಿಡಿದಿದೆ. ಆ ಆಟದ ಮೂಲ ಬೋರ್ಡ್ ಸೆಕೆಂಡಿಗೆ 60 ಫ್ರೇಮ್ ಕೊಡುತ್ತಿರಲಿಲ್ಲ, ಸುಮಾರು 54.7 ಕೊಡುತ್ತಿತ್ತು. ನಿಮ್ಮ ಟಿವಿ 60 ಕೇಳುತ್ತದೆ. ಕೊರತೆ ತುಂಬಲು ಪ್ರತಿ ಸೆಕೆಂಡಿಗೆ ಐದು ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಬೇಕಾಗುತ್ತದೆ. ನೀವು ನೋಡುತ್ತಿರುವ ಜರ್ಕ್ ಅದೇ. 55ರ ಆಸುಪಾಸಿನ ಆರ್-ಟೈಪ್‌ನಲ್ಲೂ ಹೀಗೇ ಕಾಣುತ್ತದೆ.

ನಿಯೋ ಜಿಯೋ 59.19, ಕ್ಯಾಪ್‌ಕಾಮ್‌ನ ಸಿಪಿಎಸ್ ಬೋರ್ಡ್‌ಗಳು 59.6, ಪ್ಯಾಕ್‌ಮ್ಯಾನ್ 60.6. ಇವನ್ನು, ಕೋರ್‌ಗಳನ್ನು ಓಡಿಸುವ ರೆಟ್ರೋಆರ್ಚ್ ತಂತ್ರಾಂಶ, ಆಟದ ವೇಗವನ್ನೇ ಕೂದಲೆಳೆಯಷ್ಟು ಏರಿಸಿ ಇಳಿಸಿ 60ಕ್ಕೆ ಕೂರಿಸುತ್ತದೆ. ಹಾಗೆ ಕೂರಿಸಲು ಅದು ಒಪ್ಪುವ ಅಂತರ ಶೇ 5 ಮಾತ್ರ. ಮಾರ್ಟಲ್ ಕಾಂಬ್ಯಾಟ್ ಸುಮಾರು ಶೇ 9ರಷ್ಟು ದೂರದಲ್ಲಿದೆ. ಆ ಮಿತಿಯನ್ನು ಬಲವಂತವಾಗಿ ಹಿಗ್ಗಿಸಿದರೆ ಜರ್ಕ್ ಹೋಗುತ್ತದೆ, ಆದರೆ ಆಟವೂ ಸಂಗೀತವೂ ಮೂಲಕ್ಕಿಂತ ವೇಗವಾಗುತ್ತವೆ. ಜರ್ಕ್ ಸಹಿಸಿಕೊಂಡು ಮೂಲ ವೇಗ ಉಳಿಸಿಕೊಳ್ಳಿ ಎನ್ನುವುದು ನಮ್ಮ ಸಲಹೆ. ಹೊಡೆತದ ಲಯ ಕೆಟ್ಟ ಕಾಳಗದ ಆಟದಲ್ಲಿ ಉಳಿಯುವುದೇನು? ಜೊತೆಗೆ ಧ್ವನಿ ಪಟಪಟ ಎನ್ನುತ್ತಿದ್ದರೆ ರೆಟ್ರೋಆರ್ಚ್‌ನ ಆಡಿಯೋ ಲೇಟೆನ್ಸಿಯನ್ನು 64ರಿಂದ 96 ಮಿಲಿಸೆಕೆಂಡಿಗೆ ಏರಿಸಿ ನೋಡಿ.

ಪ್ರಶ್ನೆ: ಡಾಂಕಿ ಕಾಂಗ್‌ನಲ್ಲಿ ಸಂಗೀತ ಬರುತ್ತದೆ, ನಡೆಯುವ, ಜಿಗಿಯುವ ಸದ್ದು ಬರುವುದಿಲ್ಲ. ಇನ್ನೊಂದು ವಿಷಯ, ಪ್ಯಾಕ್‌ಮ್ಯಾನ್‌ನಲ್ಲಿ ತಿರುವುಗಳು ತಪ್ಪಿಹೋಗುತ್ತವೆ.

ಆ ಸದ್ದುಗಳು ಯಾವ ರೋಮ್ ಚಿಪ್‌ನಲ್ಲೂ ಇರಲಿಲ್ಲ, ಬೋರ್ಡಿನ ಮೇಲಿನ ಅನಲಾಗ್ ಸರ್ಕ್ಯೂಟ್‌ನಿಂದ ಹುಟ್ಟುತ್ತಿದ್ದವು. ಹಳೆಯ ಮೇಮ್ ಅವುಗಳ ಧ್ವನಿಮುದ್ರಿತ ತುಣುಕುಗಳನ್ನು ನುಡಿಸುತ್ತದೆ. ಅವಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಮೇಮ್ 2003 ಬಳಸುತ್ತಿದ್ದರೆ ಆಟದ ಹೆಸರಿನದೇ ಸ್ಯಾಂಪಲ್ ಜಿಪ್ಪನ್ನು ಬಯೋಸ್ ಫೋಲ್ಡರ್‌ನೊಳಗೆ ಮೇಮ್2003, ಅದರೊಳಗೆ ಸ್ಯಾಂಪಲ್ಸ್ ಎಂಬ ಫೋಲ್ಡರ್‌ಗೆ ಹಾಕಿ. ಆಟದ ಜಿಪ್‌ಗೂ ಇದಕ್ಕೂ ಹೆಸರು ಒಂದೇ ಆದ್ದರಿಂದ ಒಂದರ ಮೇಲೆ ಒಂದು ಹಾಕಿ ಆಟವನ್ನೇ ಅಳಿಸಿಕೊಳ್ಳುವವರಿದ್ದಾರೆ, ಜೋಪಾನ. ಸ್ಪೇಸ್ ಇನ್ವೇಡರ್ಸ್‌ಗೂ ಇದೇ ಮದ್ದು.

ತಿರುವು ತಪ್ಪುವುದು ಜಾಯ್‌ಸ್ಟಿಕ್‌ನಿಂದ. ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್ ಎರಡೂ ನಾಲ್ಕು ದಿಕ್ಕಿನ ಕೋಲಿಗಾಗಿ ಮಾಡಿದ ಆಟಗಳು. ಎಂಟು ದಿಕ್ಕಿನ ಕೋಲನ್ನು ಬಲಕ್ಕೆ ಒತ್ತಿಹಿಡಿದು ಮೇಲೆ ತಿರುಗಿಸುವಾಗ ಒಂದು ಕ್ಷಣ ಮೂಲೆಯಲ್ಲಿ ಎರಡು ಸ್ವಿಚ್‌ಗಳೂ ಒತ್ತಿರುತ್ತವೆ. ಯಾವುದನ್ನು ಹಿಡಿಯಬೇಕೆಂದು ಆಟಕ್ಕೆ ತಿಳಿಯದೆ ತಿರುವು ದಾಟಿಹೋಗುತ್ತದೆ. ಮೇಮ್ 2003ರ ಕೋರ್ ಆಯ್ಕೆಗಳಲ್ಲಿ ನಾಲ್ಕು ದಿಕ್ಕಿನ ಅನುಕರಣೆ ಇದೆ, ಮೊದಲು ಅದನ್ನು ಹಾಕಿ. ಸಾನ್ವಾ ಜೆಎಲ್‌ಎಫ್ ಮಾದರಿಯ ಕೋಲಾದರೆ ಬುಡದಲ್ಲಿರುವ ಚೌಕದ ಪ್ಲಾಸ್ಟಿಕ್ ಗೇಟನ್ನು ಕಳಚಿ 45 ಡಿಗ್ರಿ ತಿರುಗಿಸಿ ಕೂರಿಸಬಹುದು. ಆಗ ಕೋಲು ಮೂಲೆಗೆ ಹೋಗುವುದೇ ಇಲ್ಲ, ಅಡ್ಡಕ್ಕೋ ಉದ್ದಕ್ಕೋ ಜಾರಿ ನಿಲ್ಲುತ್ತದೆ. ಬೆರಳಿಗೆ ಆ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಕಾಳಗದ ಆಟಗಳಿಗೆ ಮತ್ತೆ ತಿರುಗಿಸಲೇಬೇಕು, ಎರಡೂ ಬಗೆಯವನ್ನು ಆಡುವವರು ಕೋರ್ ಆಯ್ಕೆಯಲ್ಲೇ ನಿಲ್ಲುವುದು ಸುಲಭ.

ಪ್ರಶ್ನೆ: ಗರಿಷ್ಠ ಅಂಕಗಳು ಮರುದಿನ ಇರುವುದಿಲ್ಲ. ಆಟ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸುತ್ತೇನೆ.

ಕಾರಣ ಆ ಸ್ವಿಚ್ಚೇ. ಅಂಕಗಳೂ ಎನ್‌ವಿರ್‍ಯಾಮ್ ಮಾಹಿತಿಯೂ (ವಿದ್ಯುತ್ ಹೋದರೂ ಉಳಿಯುವ ಮೆಮೊರಿಯದು) ಕಾರ್ಡಿಗೆ ಬರೆಯಲ್ಪಡುವುದು ಆಟದಿಂದ ಹೊರಬರುವಾಗ. ಸ್ಟಾರ್ಟ್ ಮತ್ತು ಸೆಲೆಕ್ಟ್ ಒಟ್ಟಿಗೆ ಒತ್ತಿ ಪಟ್ಟಿಗೆ ಬನ್ನಿ, ಅಲ್ಲಿನ ಮೆನುವಿನಿಂದ ಶಟ್‌ಡೌನ್ ಕೊಡಿ, ಪೈಯ ಹಸಿರು ದೀಪ ಮಿನುಗುವುದು ನಿಂತ ಮೇಲೆ ಸ್ವಿಚ್ ಆರಿಸಿ. ಬರೆಯುವ ಮಧ್ಯೆ ವಿದ್ಯುತ್ ಹೋಗಿ ಎನ್‌ವಿರ್‍ಯಾಮ್ ಫೈಲ್ ಕೆಟ್ಟರೆ ಕೆಲವು ಆಟಗಳು ಶುರುವಿನಲ್ಲೇ ದೋಷ ತೋರಿಸಿ ನಿಲ್ಲುತ್ತವೆ. ಆಗ ಆ ಆಟದ ಎನ್‌ವಿರ್‍ಯಾಮ್ ಫೈಲ್ ಒಂದನ್ನೇ ಅಳಿಸಿ, ಮುಂದಿನ ಸಲ ಆಟ ತೆರೆದಾಗ ಹೊಸದು ತಯಾರಾಗುತ್ತದೆ. ಅದರಲ್ಲಿದ್ದ ಅಂಕಗಳು ಮಾತ್ರ ಹೋಗುತ್ತವೆ.